ಲಾಭ, ಎರಡು, ಮೂರು

“ಗುರುಗಳೇ, ಲೆಕ್ಕ ಸರಿಯಾಗಿದ್ದೂ ಜನ ಆ ಲೆಕ್ಕದಂತೆ ನಡೆಯದಿದ್ದರೆ ತಪ್ಪು ಯಾರದು?”

ಹೀಗೆ ಕೇಳಿದವನು ಚನ್ನವೀರ. ಆರು ವರ್ಷ ಗುರುಗಳ ಬಳಿ ಇದ್ದು ಅಳತೆ, ತೂಕ, ನೀರಿನ ಹರಿವು, ಭಾರದ ನಡೆ ಇವನ್ನೆಲ್ಲ ಕಲಿತವನು. ಒಂದು ಪಟ್ಟಣದವರು ತಮ್ಮ ಬೀದಿಗಳನ್ನು ಸರಿಪಡಿಸಿಕೊಡಬೇಕೆಂದು ಅವನನ್ನು ಕರೆಸಿಕೊಂಡಿದ್ದರು. ಅವನು ಹೋಗಿ ಮೂರು ತಿಂಗಳಾಗಿತ್ತು. ಆ ದಿನ ಬೆಳಿಗ್ಗೆ ಯಾರಿಗೂ ಹೇಳದೆ ಹಿಂತಿರುಗಿ ಬಂದು, ತನ್ನ ಅಳತೆಯ ಹಗ್ಗವನ್ನು ಗುರುಗಳ ಮುಂದೆ ಇಟ್ಟು ಕುಳಿತಿದ್ದ. ಆ ಹಗ್ಗ ಗುರುಗಳೇ ಕೊಟ್ಟದ್ದು.

“ಏನಾಯಿತು?” ಎಂದರು ಗುರುಗಳು.

“ಕೆರೆಗೆ ಹೋಗುವ ಬೀದಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎಷ್ಟು ಜನ, ಎಷ್ಟು ಗಾಡಿ, ಯಾವ ಹೊತ್ತಿಗೆ ಎಂದು ಅಳೆದೆ. ನಾಲ್ಕು ಮಾರು ಅಗಲ ಮಾಡಿದರೆ ಸಾಕೆಂದು ಲೆಕ್ಕ ಬಂತು. ಮಾಡಿಸಿದೆ. ತಿಂಗಳು ತುಂಬುವುದರೊಳಗೆ ಬಳೆಯವರು, ಹೂವಿನವರು, ಹುರಿಗಾಳಿನವರು ಬಂದು ಎರಡು ಮಾರಿನಲ್ಲಿ ಕುಳಿತರು. ಉಳಿದ ಎರಡು ಮಾರಿಗೆ ಪಕ್ಕದ ಬೀದಿಯ ಗಾಡಿಗಳು ಬಂದವು. ಈಗ ಮೊದಲಿಗಿಂತ ಹೆಚ್ಚು ಇಕ್ಕಟ್ಟು. ಆ ಜನಕ್ಕೆ ಬುದ್ಧಿ ಬರುವ ತನಕ ಅಲ್ಲಿ ನನಗೆ ಕೆಲಸವಿಲ್ಲ.”

“ಎಲ್ಲಿ ನಿಂತು ಅಳೆದೆ?”

“ಛತ್ರದ ಮಾಳಿಗೆಯ ಮೇಲೆ. ಅಲ್ಲಿಂದ ಬೀದಿಯೆಲ್ಲ ಕಾಣುತ್ತದೆ.”

ಗುರುಗಳು ಹಗ್ಗವನ್ನು ಮುಟ್ಟಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣ. ಸುತ್ತ ಕೋಟೆ, ಮೂಡಣ ದಿಕ್ಕಿಗೆ ಬಾಗಿಲು. ಬಾಗಿಲ ಒಳಗೆ ಸಂತೆಯ ಬಯಲು. ಹೊರಗೆ ಕುಂಬಾರರು, ಮೇದಾರರು, ಸೊಪ್ಪು ತರಕಾರಿ ಬೆಳೆಯುವವರು ಇವರ ಕೇರಿಗಳು. ವಾರಕ್ಕೊಮ್ಮೆ ಸಂತೆ. ಹೊತ್ತು ಮೂಡಿದೊಡನೆ ಬಾಗಿಲು ತೆರೆಯುತ್ತಿದ್ದರು. ಅಷ್ಟು ಹೊತ್ತಿಗೆ ಹೊರಗೆ ಸಾವಿರಾರು ಜನ ನೆರೆದಿರುತ್ತಿದ್ದರು. ಮೊದಲು ಹೋದವರಿಗೆ ಮರದ ನೆರಳಿನ ಜಾಗ, ಕೊನೆಗೆ ಹೋದವರಿಗೆ ಬಿಸಿಲು. ಆದ್ದರಿಂದ ಎಲ್ಲರೂ ಮೊದಲು ಹೋಗಬೇಕು.

ಆ ಪಟ್ಟಣದ ಉಗ್ರಾಣದಲ್ಲಿ ಒಬ್ಬ ಅಳತೆಗಾರನಿದ್ದ. ಮೂವತ್ತು ವರ್ಷ ಕಾಳು ಅಳೆದ ಕೈ ಅವನದು. ಮೊದಲ ಕೊಳಗ ಸುರಿಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುವುದು ಅಳೆಯುವವರ ಪದ್ಧತಿ. ಲಾಭ, ಎರಡು, ಮೂರು. ಹೇಳಿ ಹೇಳಿ ಒಂದು ಎಂಬ ಮಾತೇ ಅವನ ಬಾಯಿಂದ ಹೋಗಿತ್ತು. ಮನೆಯಲ್ಲಿ ರೊಟ್ಟಿ ಎಣಿಸಿದರೂ ಮೊದಲನೆಯದು ಲಾಭವೇ. ಮನೆ ಕೋಟೆಯ ಹೊರಗೆ. ಹೆಂಡತಿ ಸೊಪ್ಪು ಬೆಳೆದು ಸಂತೆಯಲ್ಲಿ ಮಾರುತ್ತಿದ್ದಳು.

ಒಂದು ಸಂತೆಯ ದಿನ ಅವಳು ಬಾಗಿಲಲ್ಲಿ ಬಿದ್ದಳು. ಎಡಗೈ ಮುರಿಯಿತು. ಮುಂದಿನ ಸಂತೆಯಲ್ಲಿ ಇಬ್ಬರ ಪಕ್ಕೆಲುಬು ಮುರಿಯಿತು.

ಪಟ್ಟಣದ ಆಡಳಿತ ನೋಡುವ ಪಾರುಪತ್ಯಗಾರ ಕೆಟ್ಟವನಲ್ಲ. ತನಗೆ ತೋಚಿದ್ದನ್ನೆಲ್ಲ ಮಾಡಿದ. ನೂಕಿದವರಿಗೆ ಶಿಕ್ಷೆಯೆಂದ. ಯಾರು ಯಾರನ್ನು ನೂಕಿದರೆಂದು ಹೇಳುವವರು ಸಿಗಲಿಲ್ಲ. ತಾಳ್ಮೆಯ ಮೇಲೆ ಉಪದೇಶ ಮಾಡಿಸಿದ. ಜನ ತಲೆದೂಗಿ ಕೇಳಿದರು, ಕೇಳಿದವರೇ ಮರುವಾರ ನೂಕಿದರು. ಕೊನೆಗೆ, ಬಾಗಿಲಲ್ಲಿ ನಿಧಾನ ಮಾಡುವವರಿಂದಲೇ ಈ ತೊಂದರೆಯೆಂದು ತಿಳಿದು, ಬೇಗ ಬೇಗ ನಡೆಯಿರೆಂದು ಕೋಟೆಯ ಮೇಲಿನಿಂದ ನಗಾರಿ ಹೊಡೆಸಿದ. ಆ ದಿನ ಐವರು ಬಿದ್ದರು.

ಆಮೇಲೆ ಅವನು ಡಂಗುರ ಸಾರಿಸಿದ. ಇನ್ನೊಂದು ತಿಂಗಳಿಗೆ ಸಂತೆಯ ದಿನ ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ. ಅವರು ಸರಕನ್ನು ಕೋಟೆಯ ಬುಡದಲ್ಲಿ ಇಳಿಸಬೇಕು. ಒಳಗಿನ ವ್ಯಾಪಾರಿಗಳು ಬಂದು ಕೊಂಡುಕೊಳ್ಳುತ್ತಾರೆ. ವ್ಯಾಪಾರಿ ಹೇಳಿದ್ದೇ ಬೆಲೆ ಎಂಬುದನ್ನು ಡಂಗುರದವನು ಸಾರಲಿಲ್ಲ. ಅದನ್ನು ಕೇರಿಯವರು ತಾವೇ ತಿಳಿದುಕೊಂಡರು.

ಅಳತೆಗಾರನ ಹೆಂಡತಿ ಅಂದೂ ಒಂದೇ ಕೈಯಲ್ಲಿ ಸೊಪ್ಪಿನ ಮಡಿಗೆ ನೀರು ಹಾಕಿದಳು. ಅವನು ನೋಡಿದ.

ಮರುಸಂತೆಯಿಂದ ಅವನು ಕೋಟೆಯ ಮೇಲೆ ಹತ್ತಿ ನಿಂತ. ಬಾಗಿಲ ಕಾವಲಿನವರ ಬಳಿ ಗಳಿಗೆ ಬಟ್ಟಲಿತ್ತು. ಬುಡದಲ್ಲಿ ಸಣ್ಣ ತೂತಿನ ಬಟ್ಟಲು. ನೀರಿನ ಮೇಲೆ ಬಿಟ್ಟರೆ ಅದು ಮುಳುಗುವುದಕ್ಕೆ ಒಂದು ಗಳಿಗೆ. ಬಟ್ಟಲನ್ನು ತೇಲಿಬಿಟ್ಟು, ಒಳಗೆ ಬಂದವರನ್ನು ಎಣಿಸಿದ. ಲಾಭ, ಎರಡು, ಮೂರು. ನೂರಕ್ಕೊಂದು ಹುಣಸೆಬೀಜ ತೆಗೆದಿಟ್ಟ. ನಗಾರಿ ಎಂದಿನಂತೆ ಹೊಡೆದ ದಿನ ಗಳಿಗೆಗೆ ಆರುನೂರು ಜನ ಒಳಗೆ ಬಂದರು. ನಗಾರಿಯ ತೊಗಲು ಹರಿದು ಸುಮ್ಮನಿದ್ದ ದಿನ ಏಳುನೂರು. ತುಂತುರು ಬಿದ್ದು, ಜಾರೀತೆಂದು ಎಲ್ಲರೂ ಹೆಜ್ಜೆ ನೋಡಿ ಇಟ್ಟ ದಿನ ಒಂಬೈನೂರು.

ಅವನು ಬೀಜಗಳನ್ನು ಮತ್ತೆ ಎಣಿಸಿದ. ಲೆಕ್ಕ ತಪ್ಪಿರಲಿಲ್ಲ. ಆತುರ ಹೆಚ್ಚಿದಷ್ಟೂ ಒಳಗೆ ಬರುವವರು ಕಡಿಮೆ.

ಇದನ್ನು ಅವನು ಬೇರೆ ಕಡೆ ಕಂಡಿದ್ದ. ಕಣಜದ ಬುಡದಲ್ಲಿ ಒಂದು ಕಂಡಿ ಇರುತ್ತದೆ. ಬಿರಡೆ ಕಿತ್ತರೆ ಕಾಳು ಸುರಿಯುತ್ತದೆ. ಅವರೆಕಾಳಿನ ಕಣಜದಲ್ಲಿ ಕೆಲವೊಮ್ಮೆ ಸುರಿಯುತ್ತಿದ್ದದ್ದು ನಿಂತುಬಿಡುತ್ತದೆ. ಕಂಡಿಗೆ ಕಲ್ಲು ಸಿಕ್ಕಿರುವುದಿಲ್ಲ, ಕಸ ಸಿಕ್ಕಿರುವುದಿಲ್ಲ. ಕಾಳು ಕಾಳಿಗೆ ಹೆಗಲು ಕೊಟ್ಟು ಕಂಡಿಯ ಮೇಲೆ ಕಮಾನು ಕಟ್ಟಿರುತ್ತದೆ. ಮೇಲಿನ ಭಾರ ಹೆಚ್ಚಿದಷ್ಟೂ ಕಮಾನು ಬಿಗಿಯುತ್ತದೆ. ಅದಕ್ಕೆ ಅವನ ತಂದೆ ಒಂದು ಉಪಾಯ ತೋರಿಸಿಕೊಟ್ಟಿದ್ದ. ಕಂಡಿಯಿಂದ ಒಂದು ಗೇಣು ಮೇಲೆ, ಸ್ವಲ್ಪ ಓರೆಗೆ, ಒಂದು ಮರದ ತುಂಡನ್ನು ಅಡ್ಡ ಕಟ್ಟಬೇಕು. ಮೇಲಿನ ಭಾರವನ್ನು ಆ ತುಂಡು ಹೊರುತ್ತದೆ, ಕಂಡಿಯ ಬಾಯಲ್ಲಿ ಕಾಳು ಸಡಿಲವಾಗುತ್ತದೆ.

ಅವನು ಪಾರುಪತ್ಯಗಾರನ ಬಳಿ ಹೋದ. ಬಾಗಿಲ ಹೊರಗೆ ಮೂರು ಮೊಳ ಬಿಟ್ಟು, ನಟ್ಟನಡುವೆ ಅಲ್ಲ, ಒಂದು ಮೊಳ ಎಡಕ್ಕೆ, ಆಳೆತ್ತರದ ಒಂದು ಕಲ್ಲು ನೆಡಲು ಅಪ್ಪಣೆ ಬೇಡಿದ.

ಅಲ್ಲಿದ್ದ ಒಬ್ಬ ವ್ಯಾಪಾರಿ ನಕ್ಕ. “ಏನಯ್ಯಾ, ಗಂಟಲು ಕಟ್ಟಿದವನ ಬಾಯಿಗೆ ಕಡುಬು ತುರುಕುವ ವೈದ್ಯವೇ ನಿನ್ನದು?”

ಪಾರುಪತ್ಯಗಾರ ನಗಲಿಲ್ಲ. “ಕಾಳಿಗೆ ಮನಸ್ಸಿಲ್ಲ. ಜನಕ್ಕೆ ಇದೆ.”

“ಇದೆ, ಒಡೆಯಾ. ಹಿಂದಿನಿಂದ ನೂರು ಜನ ನೂಕುವಾಗ ಆ ಮನಸ್ಸಿನಿಂದ ಏನು ಮಾಡಲು ಬರುತ್ತದೆ? ನನ್ನ ಹೆಂಡತಿಗೂ ಮನಸ್ಸಿತ್ತು. ಕೈ ಮುರಿಯಿತು.”

ಪಾರುಪತ್ಯಗಾರ, “ಎರಡು ಸಂತೆ ಕೊಡುತ್ತೇನೆ. ಎರಡನೆಯದರಲ್ಲಿ ಒಬ್ಬರು ಬಿದ್ದರೂ ಬಾಗಿಲು ಮುಚ್ಚುತ್ತದೆ,” ಎಂದ.

ಕಲ್ಲು ನೆಟ್ಟದ್ದಾಯಿತು. ಸಂತೆಯ ದಿನ ಬಂತು. ಅಳತೆಗಾರ ಕೋಟೆಯ ಮೇಲೆ ಬಟ್ಟಲು ತೇಲಿಬಿಟ್ಟು ಕುಳಿತ. ಬಾಗಿಲು ತೆರೆಯಿತು. ಜನ ನುಗ್ಗಿ ಬಂದು, ಕಲ್ಲಿನ ಎರಡು ಕಡೆಗೂ ಸೀಳಿಕೊಂಡು, ಸಡಿಲವಾಗಿ ಒಳಗೆ ಬಂದರು. ಅವನು ಎಣಿಸಿದ. ಲಾಭ, ಎರಡು, ಮೂರು. ಲೆಕ್ಕ ಹೇಳಿದಂತೆಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಅರಿಸಿನ ಮಾರುವ ಒಬ್ಬ ಮುದುಕಿ ತಲೆಯ ಮೇಲಿನ ಬುಟ್ಟಿಯನ್ನು ಸರಿಪಡಿಸಿಕೊಳ್ಳಲು ಕಲ್ಲಿಗೆ ಒರಗಿಸಿದಳು. ಬುಟ್ಟಿಯಿಂದ ಅರಿಸಿನದ ಪುಡಿ ಸೋರಿ ಕಲ್ಲಿನ ನೆತ್ತಿ ಹಳದಿಯಾಯಿತು. ಅವಳು ಹೋದಳು. ಹಿಂದೆ ಬಂದವನು ಹಳದಿಯಾದ ಕಲ್ಲನ್ನು ಕಂಡು, ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನ ಹಿಂದಿನವಳು ಮುಡಿಯಿಂದ ಹೂವು ತೆಗೆದು ಇಟ್ಟಳು.

“ಯಾವ ದೇವರಮ್ಮಾ ಇದು?”

“ಬಾಗಿಲ ದೇವರಂತೆ. ಹೋದ ಸಂತೆಯಲ್ಲಿ ಇರಲಿಲ್ಲ. ತಾನಾಗಿ ಎದ್ದಿರಬೇಕು.”

ಒಬ್ಬ ತೆಂಗಿನಕಾಯಿ ಒಡೆದ. ನಾಲ್ವರು ಪ್ರದಕ್ಷಿಣೆ ಹಾಕತೊಡಗಿದರು. ಪ್ರದಕ್ಷಿಣೆ ಹಾಕುವವರು ಬಾಗಿಲಿಗೆ ಅಡ್ಡ ಬಂದರು. ಬಟ್ಟಲು ಮುಳುಗುವ ಹೊತ್ತಿಗೆ ಒಳಗೆ ಬಂದವರು ಇನ್ನೂರ ತೊಂಬತ್ತು. ಯಾರೂ ಬೀಳಲಿಲ್ಲ. ಬೀಳಬೇಕಾದರೂ ಮುಂದಕ್ಕೆ ನಡೆಯಬೇಕಲ್ಲ.

ಪಾರುಪತ್ಯಗಾರ ಕೋಟೆಯ ಮೇಲಿನಿಂದ ಎಲ್ಲವನ್ನೂ ನೋಡಿದ. “ನಿನ್ನ ಕಾಳು ಕೈ ಮುಗಿಯಿತಲ್ಲಯ್ಯಾ,” ಎಂದಷ್ಟೇ ಹೇಳಿ ಇಳಿದು ಹೋದ.

ಅಳತೆಗಾರ ಮನೆಗೆ ಬಂದು ಕೊಳಗವನ್ನು ಮೂಲೆಗೆ ಎಸೆದ. ಮೂವತ್ತು ವರ್ಷದಲ್ಲಿ ಹಾಗೆ ಮಾಡಿದವನಲ್ಲ.

“ಲೆಕ್ಕ ಸರಿಯಾಗಿತ್ತು. ಜನವೇ ಸರಿಯಿಲ್ಲ,” ಎಂದ.

ಹೆಂಡತಿ ಕೊಳಗವನ್ನು ಎತ್ತಿ, ಸೆರಗಿನಿಂದ ಒರೆಸಿ, ಜಾಗದಲ್ಲಿಟ್ಟಳು. “ಅವರೆಕಾಳು ಕಂಡಿಯಲ್ಲಿ ಕಟ್ಟಿಕೊಂಡಾಗ ಅವರೆಕಾಳನ್ನು ಬೈದದ್ದುಂಟೇ ನೀವು?”

“ಇಲ್ಲ.”

“ಅದರ ಗುಣ ಹಾಗೆ ಎನ್ನುತ್ತೀರಿ. ಕಲ್ಲು ನೆಟ್ಟರೆ ಕೈ ಮುಗಿಯುವುದು ನಮ್ಮ ಜನರ ಗುಣ. ಅದನ್ನು ಬಿಟ್ಟು ಲೆಕ್ಕ ಹಾಕಿದವರು ಯಾರು?”

ಅವನು ಗೋಡೆಗೆ ಒರಗಿ ಕುಳಿತ. “ಮರದ ಕಂಬ ನೆಟ್ಟರೆ?” ಎಂದ.

“ಎಣ್ಣೆ ಹಚ್ಚಿ ಕೈ ಮುಗಿಯುತ್ತಾರೆ.”

“ಗೂಟ?”

“ಎತ್ತು ಕಟ್ಟುತ್ತಾರೆ.”

“ಗಾಡಿಯ ಚಕ್ರ ನಿಲ್ಲಿಸಿದರೆ?”

“ಬೆಳಗಾಗುವುದರೊಳಗೆ ಯಾರದೋ ಗಾಡಿಯಲ್ಲಿರುತ್ತದೆ.”

“ಹಾಗಾದರೆ ಅಲ್ಲಿ ಏನನ್ನು ತಾನೇ ನಿಲ್ಲಿಸಲಿ?”

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಇಷ್ಟು ವರ್ಷದಲ್ಲಿ ನಿಮಗೆ ಯಾರಾದರೂ ಕೈ ಮುಗಿದದ್ದುಂಟೇ?”

ಕಲ್ಲನ್ನು ಕೀಳುವುದು ಮಾತ್ರ ಸುಲಭವಿರಲಿಲ್ಲ. ದೇವರಾದ ಮೇಲೆ ಅದಕ್ಕೆ ಕೈ ಹಚ್ಚುವವರು ಯಾರು? ಕಲ್ಲು ಕಡಿದವನೇ ಹಿಂದೆ ಸರಿದ. ಅಳತೆಗಾರನ ಹೆಂಡತಿ ಮರುದಿನ ಕಲ್ಲಿನ ಮುಂದೆ ನಿಂತು, ಹೋಗುವವರಿಗೆ ಬರುವವರಿಗೆ ಕೇಳುವಂತೆ ತನ್ನಷ್ಟಕ್ಕೆ ಹೇಳಿಕೊಂಡಳು. “ಊರಿನವರ ಕಾಲಧೂಳೆಲ್ಲ ದೇವರ ಮೇಲೆ. ದನವೂ ಮೈ ಉಜ್ಜುತ್ತದೆ. ಕೇಳುವವರಿಲ್ಲ.” ಸಂಜೆಯ ಹೊತ್ತಿಗೆ ಕೇರಿಯವರು ತಾವೇ ಸೇರಿ, ಓಲಗ ಊದಿಸಿಕೊಂಡು, ಕಲ್ಲನ್ನು ದೂರದ ಬೇವಿನ ಮರದ ಬುಡಕ್ಕೆ ಒಯ್ದು ನಿಲ್ಲಿಸಿದರು. ಬಾಗಿಲ ಮುಂದೆ ಒಂದು ಗುಂಡಿ ಉಳಿಯಿತು. ಅಳತೆಗಾರ ಅದಕ್ಕೆ ಮಣ್ಣು ತುಂಬಿ ಗಟ್ಟಿಸಿದ. ಜಾಗದ ಗುರುತು ಅವನಿಗೆ ಬೇಕಾಗಿತ್ತು.

ಎರಡನೆಯ ಸಂತೆ ಬಂತು. ಪಾರುಪತ್ಯಗಾರ ಗಳಿಗೆ ಬಟ್ಟಲಿನ ಬಳಿ ಕುಳಿತ. ಆ ವ್ಯಾಪಾರಿಯೂ ಬಂದಿದ್ದ, ಬಾಗಿಲು ಮುಚ್ಚುವುದನ್ನು ಕಣ್ಣಾರೆ ನೋಡಲು. ಅಳತೆಗಾರ ಕೋಟೆಯ ಮೇಲೆ ಹತ್ತಲಿಲ್ಲ. ಬಾಗಿಲ ಹೊರಗೆ ಹೋಗಿ, ಮೂರು ಮೊಳ ಬಿಟ್ಟು, ಒಂದು ಮೊಳ ಎಡಕ್ಕೆ, ಹೊಸ ಮಣ್ಣಿನ ಮೇಲೆ ಕಾಲೂರಿ, ಜನರಿಗೆ ಮುಖ ಮಾಡಿ ನಿಂತ.

ಕೋಟೆಯ ಮೇಲಿನಿಂದ ಅವನು ನೋಡಿದ್ದು ತಲೆಗಳನ್ನು. ಇಲ್ಲಿ ಮುಖಗಳಿದ್ದವು. ಮುಂದಿನ ಸಾಲಿನಲ್ಲಿದ್ದವರ ಕಣ್ಣಿನಲ್ಲಿ ಆತುರವಿರಲಿಲ್ಲ, ಹೆದರಿಕೆಯಿತ್ತು. ಹಿಂದಿನಿಂದ ಬರುವ ಭಾರ ಅವರಿಗೆ ಗೊತ್ತಿತ್ತು. ಆ ಹೆದರಿಕೆ ಅವನ ಲೆಕ್ಕದಲ್ಲಿ ಇರಲಿಲ್ಲ.

ಬಾಗಿಲು ತೆರೆಯಿತು. ಜನ ಬಂದರು. ಮೊದಲ ಭಾರ ಎದೆಗೆ ಬಡಿಯಿತು. ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ಸರಿಯಲಿಲ್ಲ. ಧೈರ್ಯಕ್ಕೆ ಬೇರೇನೂ ತೋಚದೆ, ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದ. ಪಕ್ಕದಲ್ಲಿ ಹಾದುಹೋದವನನ್ನು ನೋಡಿ, ಗಟ್ಟಿಯಾಗಿ, ಉಗ್ರಾಣದ ರಾಗದಲ್ಲಿ, “ಲಾಭ,” ಎಂದ. “ಎರಡು. ಮೂರು. ನಾಲ್ಕು.”

“ಯಾರೋ ಇವನು, ದಾರಿಗೆ ಅಡ್ಡ?” ಎಂದು ಒಬ್ಬ ಬೈದು ಬಲಕ್ಕೆ ಹೋದ. “ಹದಿನೇಳು,” ಎಂದ ಅಳತೆಗಾರ. ಇನ್ನೊಬ್ಬ ಎಡಕ್ಕೆ ಹೋದ. “ಹದಿನೆಂಟು.” ಸೌದೆ ಹೊರೆಯವಳು ನಗುತ್ತ, “ನಾನೆಷ್ಟಪ್ಪಾ?” ಎಂದಳು. “ಇಪ್ಪತ್ತಾರು, ತಾಯಿ. ನಡೆಯಿರಿ.”

ಎಣಿಕೆ ಹಿಂದಿನ ಸಾಲುಗಳಿಗೆ ಕೇಳಿಸಿತು. ತನ್ನ ಸಂಖ್ಯೆ ಎಷ್ಟೆಂದು ಕೇಳಿಸಿಕೊಳ್ಳಬೇಕಾದರೆ ಗದ್ದಲ ಕಡಿಮೆಯಾಗಬೇಕು. ಕಡಿಮೆಯಾಯಿತು. ಸಂಖ್ಯೆ ಹೇಳುವ ತನಕ ಹೆಜ್ಜೆ ತಡೆಯಬೇಕು. ತಡೆದರು. ಜನ ಅವನ ಎರಡು ಪಕ್ಕದಲ್ಲೂ ಸೀಳಿ ಹರಿದು ಬಾಗಿಲಲ್ಲಿ ಮತ್ತೆ ಕೂಡಿದರು. ಬಾಗಿಲ ಬಾಯಲ್ಲಿ ಒಬ್ಬರಿಗೊಬ್ಬರು ಹೆಗಲು ತಾಗಲಿಲ್ಲ.

ನಡುವೆ ಅವನ ಹೆಂಡತಿ ಬಂದಳು. ಎಡಗೈ ಕೊರಳಿಗೆ ಕಟ್ಟಿತ್ತು, ತಲೆಯ ಮೇಲೆ ಸೊಪ್ಪಿನ ಬುಟ್ಟಿ ಇತ್ತು. ಅವನು ಅವಳ ಮುಖವನ್ನೂ ಎಲ್ಲರಂತೆಯೇ ನೋಡಿ, “ನಾನೂರ ಹನ್ನೆರಡು,” ಎಂದ.

“ಮನೆಗೆ ಬನ್ನಿ, ಎಣಿಸುತ್ತೇನೆ,” ಎಂದು ಅವಳು ಒಳಗೆ ಹೋದಳು.

ಬಟ್ಟಲು ಮುಳುಗಿದಾಗ ಅವನ ಬಾಯಲ್ಲಿ ಸಾವಿರದ ನಲವತ್ತಿತ್ತು. ಯಾರೂ ಬಿದ್ದಿರಲಿಲ್ಲ. ಕೊನೆಯವರು ಹೋಗುವ ತನಕವೂ ಯಾರೂ ಬೀಳಲಿಲ್ಲ. ಕೊನೆಗೆ ಬಂದವರಿಗೆ ಅಂದೂ ಬಿಸಿಲಿನ ಜಾಗವೇ ಸಿಕ್ಕಿತು. ಆದರೆ ಕೈಕಾಲು ನೆಟ್ಟಗಿದ್ದವು.

ಪಾರುಪತ್ಯಗಾರ ಇಳಿದು ಬಂದ. ಅಳತೆಗಾರನ ದನಿ ಹೋಗಿತ್ತು, ಅಂಗಿಯ ಗುಂಡಿಗಳು ಹೋಗಿದ್ದವು.

“ಇದು ಅಡ್ಡ ನಿಂತದ್ದರ ಗುಣವೋ, ಎಣಿಸಿದ್ದರ ಗುಣವೋ?” ಎಂದು ಪಾರುಪತ್ಯಗಾರ ಕೇಳಿದ.

ವ್ಯಾಪಾರಿ ಕಿವಿಗೊಟ್ಟ. ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲಿ ಎರಡೂ ತನ್ನದೇ ಎನ್ನುತ್ತಿದ್ದರು.

“ಗೊತ್ತಿಲ್ಲ, ಒಡೆಯಾ,” ಎಂದ ಅಳತೆಗಾರ. “ಮುಂದಿನ ಸಂತೆಯಲ್ಲಿ ಎಣಿಸದೆ ನಿಲ್ಲುತ್ತೇನೆ. ಅದರ ಮುಂದಿನ ಸಂತೆಯಲ್ಲಿ ನಿಲ್ಲದೆ, ಪಕ್ಕದಲ್ಲಿ ಕುಳಿತು ಎಣಿಸುತ್ತೇನೆ. ಆಮೇಲೆ ಹೇಳುತ್ತೇನೆ.”

“ಅಲ್ಲಿಯ ತನಕ ಬಾಗಿಲು?”

“ಮುಚ್ಚಿದ ಬಾಗಿಲಲ್ಲಿ ಏನನ್ನು ಅಳೆಯಲಿ?”

ಪಾರುಪತ್ಯಗಾರ ಮೊದಲ ಬಾರಿಗೆ ನಕ್ಕ. ಡಂಗುರದವನನ್ನು ಕರೆಸಿದ. ಬಾಗಿಲು ಮುಚ್ಚಲಿಲ್ಲ. ಆ ವರ್ಷವೂ ಮುಚ್ಚಲಿಲ್ಲ, ಮುಂದೆಯೂ ಮುಚ್ಚಲಿಲ್ಲ. ಅಳತೆಗಾರನಿಗೆ ವಯಸ್ಸಾದ ಮೇಲೆ ಆ ಜಾಗದಲ್ಲಿ ಕೇರಿಯವರು ಸರದಿಯಂತೆ ನಿಂತರು. ಅವರಲ್ಲಿ ಕುಂಬಾರರೂ ಇದ್ದರು, ಸೌದೆಯವಳೂ ಇದ್ದಳು. ಅವರು ಯಾರೂ ಕಾಳು ಅಳೆದವರಲ್ಲ. ಆದರೂ ಮೊದಲು ಬಂದವರನ್ನು ಲಾಭ ಎಂದೇ ಕರೆದರು.

ಕತೆ ಮುಗಿಯಿತು. ಚನ್ನವೀರ ಸುಲಭಕ್ಕೆ ಸೋಲುವವನಲ್ಲ.

“ಗುರುಗಳೇ, ಅಳತೆಗಾರನ ಲೆಕ್ಕ ಕೋಟೆಯ ಮೇಲೆ ನಿಂತಾಗಲೂ ಸರಿಯಾಗಿಯೇ ಇತ್ತಲ್ಲ?”

“ಇತ್ತು. ಆ ಲೆಕ್ಕವಿಲ್ಲದೆ ಕೆಳಗೆ ಬಂದಿದ್ದರೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.”

“ಹಾಗಾದರೆ ನನ್ನ ಲೆಕ್ಕದಲ್ಲಿ ಇಲ್ಲದ್ದು ಏನು?”

ಗುರುಗಳು ಹಗ್ಗವನ್ನು ಅವನ ಕಡೆಗೆ ಸರಿಸಿದರು.

“ಮಾಳಿಗೆ ಹತ್ತಿದ ಮೆಟ್ಟಿಲು ಇಳಿಯುವುದಕ್ಕೂ ಬರುತ್ತದೆ, ಚನ್ನವೀರ.”

ಚನ್ನವೀರ ಪಟ್ಟಣಕ್ಕೆ ಮರಳಿ ಹೊರಡಲು ಹಗ್ಗವನ್ನು ಎತ್ತಿಕೊಂಡು ಸುತ್ತತೊಡಗಿದ.